ನಂಗಲಿ ಗಡಿ ದಾಟಿದ ಮೆಕೆಂಜಿ ಚೌಕಳಿ: ಒಂದು ಕುಲವಸ್ತ್ರದ ಮೂಲ ಶೋಧ

ಮುಳಬಾಗಿಲು ತಾಲ್ಲೂಕಿನ ನಂಗಲಿ ಇಂದಿಗೂ ಗಡಿಯ ಊರು. ಹೊಯ್ಸಳ ವಿಷ್ಣುವರ್ಧನನ ಶಾಸನಗಳಲ್ಲಿ ಅವನ ರಾಜ್ಯದ ಮೂಡಣ ಎಲ್ಲೆಯಾಗಿ ಹೇಳಿರುವುದು ನಂಗಲಿಯ ಘಟ್ಟವನ್ನೇ. ತಲಕಾಡು, ಕೊಂಗುಗಳ ಜೊತೆಗೆ ನಂಗಲಿಯನ್ನೂ ಗೆದ್ದವನೆಂಬ ಬಿರುದು ಅವನದು. ತಮಿಳು ಬಯಲಿನಿಂದ ಮೈಸೂರಿನ ಎತ್ತರಕ್ಕೆ ಏರಿ ಬರುವ ದಂಡುಗಳಿಗೆ ಈ ಸೀಮೆಯೇ ಹೆಬ್ಬಾಗಿಲು. 1791ರ ಫೆಬ್ರವರಿಯಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಆಂಬೂರು ಕಣಿವೆಯತ್ತ ಹೊರಟಂತೆ ತೋರಿಸಿ, ಟಿಪ್ಪುವಿನ ಕಣ್ಣು ತಪ್ಪಿಸಿ, ಚಿತ್ತೂರಿನ ಕಡೆಗೆ ತಿರುಗಿದ. ಮೊಗಿಲಿ ಘಾಟು ಹತ್ತಿ ಪಲಮನೇರಿಗೆ ಬಂದ. ಅಲ್ಲಿಂದ ಈ ಸೀಮೆ ಹಾಯ್ದು, ತಿಂಗಳು ಮುಗಿಯುವುದರೊಳಗೆ ಕೋಲಾರ ಹಿಡಿದ. ಆ ದಂಡಿನಲ್ಲಿದ್ದ 71 ಮತ್ತು 72ನೆಯ ಹೈಲ್ಯಾಂಡ್ (ಸ್ಕಾಟ್ಲೆಂಡಿನ ಬೆಟ್ಟಸೀಮೆಯ) ಪಡೆಗಳೆರಡೂ ಒಂದೇ ಸ್ಕಾಟಿಷ್ ಕುಲದ ಇಬ್ಬರು ಹಿರಿಯರು ಕಟ್ಟಿದವು. ಆ ಕುಲ ಮೆಕೆಂಜಿ.

ಮೆಕೆಂಜಿಗಳ ಕುಲವಸ್ತ್ರವೆಂದು ಇಂದು ಲೋಕವೆಲ್ಲ ಒಪ್ಪಿರುವ ಟಾರ್ಟನ್ ಚೌಕಳಿ, ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ತಲೆಮಾರುಗಳಿಂದ ನೇಯ್ದುಕೊಂಡು ಬಂದ ಮನೆತನದ ಬಟ್ಟೆಯಲ್ಲ ಎಂಬುದು ಈ ಲೇಖನದ ವಾದ. ಅದು ಸೇನೆಯ ಸಮವಸ್ತ್ರ. ಆ ಸಮವಸ್ತ್ರ ತೊಡಬೇಕಿದ್ದ ಪಡೆಗಳು ಹುಟ್ಟಿದ ಕೆಲವೇ ವರ್ಷಗಳಲ್ಲಿ ಹೈದರ್ ಮತ್ತು ಟಿಪ್ಪುವಿನ ಎದುರು ನಿಂತವು. ಆದ್ದರಿಂದ ಈ ಬಟ್ಟೆಯ ಕಥೆಯ ಒಂದು ಭಾಗ ನಮ್ಮ ನೆಲಕ್ಕೆ ಸೇರಿದ್ದು, ಮೈಸೂರು ಯುದ್ಧಗಳ ಚರಿತ್ರೆಯೊಂದಿಗೇ ಅದನ್ನು ಓದಬೇಕು.

ಮೊದಲು ಬಟ್ಟೆಯನ್ನೇ ನೋಡೋಣ. ಟಾರ್ಟನ್ ಎಂದರೆ ಓರೆ ನೇಯ್ಗೆಯ ಉಣ್ಣೆ ಬಟ್ಟೆ. ಹಾಸಿನಲ್ಲಿ ಬಣ್ಣದ ನೂಲುಗಳು ಯಾವ ಕ್ರಮದಲ್ಲಿ, ಯಾವ ಎಣಿಕೆಯಲ್ಲಿ ಬರುತ್ತವೆಯೋ ಹೊಕ್ಕಿನಲ್ಲೂ ಸಾಮಾನ್ಯವಾಗಿ ಅದೇ ಕ್ರಮ, ಅದೇ ಎಣಿಕೆ. ಹಾಗಾಗಿ ಮಾದರಿಯನ್ನು ನೂಲಿನ ಲೆಕ್ಕದಲ್ಲೇ ಬರೆದಿಡಬಹುದು. ಮೆಕೆಂಜಿ ಚೌಕಳಿಯಲ್ಲಿ ಕಡುನೀಲಿ, ಕಪ್ಪು, ಹಸಿರು ಪಟ್ಟಿಗಳಿವೆ. ಹಸಿರು ಪಟ್ಟಿಯ ನಟ್ಟನಡುವೆ ಒಂದು ಬಿಳಿ ಗೆರೆ, ನೀಲಿ ಪಟ್ಟಿಯ ನಡುವೆ ಒಂದು ಕೆಂಪು ಗೆರೆ. ಎರಡಕ್ಕೂ ಅಕ್ಕಪಕ್ಕದಲ್ಲಿ ತೆಳುವಾದ ಕಪ್ಪು ಅಂಚು. ಈ ಎರಡು ಗೆರೆಗಳನ್ನು ತೆಗೆದುಹಾಕಿದರೆ ಉಳಿಯುವುದು ಬ್ರಿಟಿಷ್ ಸೇನೆಯ ಬ್ಲ್ಯಾಕ್ ವಾಚ್ ಪಡೆಯ ‘ಸರ್ಕಾರಿ’ ಮಾದರಿ. ಸಂಶೋಧಕನಿಗೆ ಇದಕ್ಕಿಂತ ದೊಡ್ಡ ಸುಳಿವು ಬೇಕಿಲ್ಲ. ಕುಲದ್ದೆನ್ನುವ ಬಟ್ಟೆಯ ತಳಹದಿಯೇ ಸರ್ಕಾರದ್ದು. ಕುಲದ ಪಾಲಿಗೆ ಬಂದದ್ದು ಎರಡು ಗೆರೆ ಮಾತ್ರ.

ಹಳೆಯ ಸಾಕ್ಷ್ಯಗಳೂ ಇದನ್ನೇ ಹೇಳುತ್ತವೆ. ಸ್ಕಾಟ್ಲೆಂಡಿನ ಪಡುವಣ ದ್ವೀಪಗಳ ಬಗ್ಗೆ 1703ರಲ್ಲಿ ಪುಸ್ತಕ ಪ್ರಕಟಿಸಿದ ಮಾರ್ಟಿನ್ ಮಾರ್ಟಿನ್, ಬಟ್ಟೆಯ ಮಾದರಿ ನೋಡಿ ಮನುಷ್ಯ ಯಾವ ಸೀಮೆಯವನೆಂದು ತಿಳಿಯಬಹುದು ಎನ್ನುತ್ತಾನೆ. ಯಾವ ಕುಲದವನೆಂದು ಅವನು ಹೇಳುವುದಿಲ್ಲ. ಬ್ರಿಟಿಷ್ ದೊರೆಯ ವಿರುದ್ಧ 1745ರಲ್ಲಿ ಎದ್ದ ದಂಗೆಯನ್ನು ಮುರಿದ, 1746ರ ಏಪ್ರಿಲ್ 16ರ ಕಲ್ಲೋಡನ್ ಕದನದಲ್ಲಿ ಸ್ವಪಕ್ಷ ಪರಪಕ್ಷಗಳನ್ನು ಗುರುತಿಸಲು ನೆಚ್ಚಿದ್ದು ಟೊಪ್ಪಿಗೆಗೆ ಸಿಕ್ಕಿಸಿದ ಪಟ್ಟಿಯ ಬಣ್ಣವನ್ನು, ಉಡುಪಿನ ಚೌಕಳಿಯನ್ನಲ್ಲ. ಆ ಕದನವನ್ನು ಚಿತ್ರಿಸಿದ ಡೇವಿಡ್ ಮೋರಿಯೆ ಒಬ್ಬನೇ ಯೋಧನ ಮೈಮೇಲೆ ಬೇರೆ ಬೇರೆ ಚೌಕಳಿಗಳನ್ನು ಬರೆದಿದ್ದಾನೆ.

ಕಲ್ಲೋಡನ್ ಸೋಲಿನ ಬೆನ್ನಿಗೇ ಬಂದ 1746ರ ಕಾಯ್ದೆ ಹೈಲ್ಯಾಂಡ್ ಉಡುಪನ್ನು ನಿಷೇಧಿಸಿತು. ನಿಷೇಧ ಕೊನೆಗೊಂಡದ್ದು 1782ರಲ್ಲಿ. ಈ ಅವಧಿಯಲ್ಲಿ ಟಾರ್ಟನ್ ತೊಡುವ ವಿನಾಯಿತಿ ಇದ್ದದ್ದು ಬ್ರಿಟಿಷ್ ದೊರೆಯ ಸೈನಿಕರಿಗೆ. ಒಂದು ಜನಾಂಗದ ಉಡುಪು ಮೂವತ್ತೈದು ವರ್ಷ ಸೇನೆಯ ಉಗ್ರಾಣದಲ್ಲಿ ಉಳಿದರೆ, ಹೊರಬರುವಾಗ ಅದು ಸೇನೆಯ ರೂಪದಲ್ಲೇ ಬರುತ್ತದೆ.

ಮೆಕೆಂಜಿಗಳು ಕಥೆಯೊಳಕ್ಕೆ ಬರುವುದು ಈ ಘಟ್ಟದಲ್ಲಿ. ಕ್ರೊಮಾರ್ಟಿ ಅರ್ಲ್‌ನ ಮಗ ಜಾನ್ ಮೆಕೆಂಜಿ, ಲಾರ್ಡ್ ಮೆಕ್ಲೌಡ್ ಎಂಬ ಹೆಸರಿನಿಂದ ಪ್ರಸಿದ್ಧ. ಅಪ್ಪ ಮಗ ಇಬ್ಬರೂ 1745ರ ದಂಗೆಯಲ್ಲಿ ಸೇರಿ ಆಸ್ತಿ ಕಳೆದುಕೊಂಡಿದ್ದರು. ಮಗ ಸ್ವೀಡನ್ನಿನ ಸೇನೆಯಲ್ಲಿ ದುಡಿದು ಹಿಂತಿರುಗಿ, ಯಾವ ದೊರೆತನದ ವಿರುದ್ಧ ಕತ್ತಿ ಎತ್ತಿದ್ದನೋ ಅದಕ್ಕೇ 1777ರಲ್ಲಿ ಒಂದು ಪಡೆ ಕಟ್ಟಿಕೊಟ್ಟ. ಅದು 73ನೆಯದು, 1786ರಲ್ಲಿ 71 ಎಂದು ಮರುಸಂಖ್ಯೆ ಪಡೆಯಿತು. ಅವನ ಆಸ್ತಿ 1784ರಲ್ಲಿ ಮರಳಿ ಸಿಕ್ಕಿತು. ಅವನು ಪಡೆ ಕಟ್ಟಿದ ಮರುವರ್ಷ, 1778ರಲ್ಲಿ, ಕುಲದ ಮುಖ್ಯಸ್ಥ, ಸೀಫೋರ್ತ್ ಅರ್ಲ್ ಕೆನೆತ್ ಮೆಕೆಂಜಿ 78ನೆಯ ಪಡೆಯನ್ನು ಕಟ್ಟಿದ. ಇದೇ ಮುಂದೆ 72ನೆಯದಾಯಿತು. ಸರ್ಕಾರಿ ಚೌಕಳಿಯ ಮೇಲೆ ಗೆರೆ ಹಾಕಿಸಿ ತಮ್ಮ ಪಡೆಯನ್ನು ಬೇರೆಯಾಗಿ ತೋರಿಸಿದ್ದು ಈ ಪಡೆಗಳೇ.

ಸೀಫೋರ್ತ್ ಪಡೆಯ ಆರಂಭದ ಕಥೆ ಓದಿದರೆ ಮನಸ್ಸು ಕಲಕುತ್ತದೆ. ತಮ್ಮನ್ನು ಈಸ್ಟ್ ಇಂಡಿಯಾ ಕಂಪನಿಗೆ ಮಾರಿದ್ದಾರೆಂಬ ಸುದ್ದಿ ಕೇಳಿ 1778ರ ಸೆಪ್ಟೆಂಬರಿನಲ್ಲಿ ಸೈನಿಕರು ಎಡಿನ್‌ಬರೊದ ಆರ್ಥರ್ಸ್ ಸೀಟ್ ಬೆಟ್ಟ ಹತ್ತಿ ಕುಳಿತು ದಂಗೆಯೆದ್ದರು. ಅವರನ್ನು ಸಮಾಧಾನ ಮಾಡಿ ಇಳಿಸಲಾಯಿತು. ಆದರೆ 1781ರಲ್ಲಿ ಅವರನ್ನು ಹಡಗು ಹತ್ತಿಸಿದ್ದು ಭಾರತಕ್ಕೇ. ಅರ್ಲ್ ದಾರಿಯಲ್ಲೇ ತೀರಿಕೊಂಡ. ಸ್ಕರ್ವಿ ರೋಗ ನೂರಾರು ಜನರನ್ನು ಬಲಿ ತೆಗೆದುಕೊಂಡಿತು. 1782ರ ಏಪ್ರಿಲ್‌ನಲ್ಲಿ ಮದ್ರಾಸಿನಲ್ಲಿ ಇಳಿದವರ ಪೈಕಿ ಬಂದೂಕು ಹಿಡಿಯಬಲ್ಲವರು ನಾಲ್ಕುನೂರಕ್ಕೂ ಕಡಿಮೆ. ಹೊರಟಾಗ ಸಾವಿರಕ್ಕೂ ಹೆಚ್ಚಿದ್ದರು. ಚೌಕಳಿಯ ಚೆಲುವನ್ನು ಕೊಂಡಾಡುವ ಬರಹಗಳಲ್ಲಿ ಈ ಸಾವುಗಳು ಕಾಣುವುದಿಲ್ಲ, ಕಾಣಬೇಕಿತ್ತು.

ಅಷ್ಟರಲ್ಲಿ ಮೆಕ್ಲೌಡನ ಪಡೆ ಇಲ್ಲಿ ಪೆಟ್ಟು ತಿಂದಾಗಿತ್ತು. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಹೈದರನ ಸೇನೆ ಬ್ರಿಟಿಷ್ ಸೇನಾನಿ ಬೇಯ್ಲಿಯ ದಂಡನ್ನು ನುಚ್ಚುನೂರು ಮಾಡಿದಾಗ ಈ ಪಡೆಯ ಒಂದು ತುಕಡಿ ಅದರೊಳಗೆ ಸಿಕ್ಕಿತು. ಅದರ ಕ್ಯಾಪ್ಟನ್ ಡೇವಿಡ್ ಬೇರ್ಡ್ 1784ರವರೆಗೆ ಶ್ರೀರಂಗಪಟ್ಟಣದಲ್ಲಿ ಸೆರೆಯಿದ್ದ. ಸೀಫೋರ್ತ್ ಅರ್ಲ್‌ನ ನಂತರ ಕುಲದ ಹಿರಿತನಕ್ಕೆ ಬಂದ ಕರ್ನಲ್ ಹಂಬರ್ಸ್ಟನ್ ಮೆಕೆಂಜಿಯೂ ಕನ್ನಡ ನಾಡಿಗೆ ಬಂದವನೇ. ಅವನು 1783ರಲ್ಲಿ ಜನರಲ್ ಮ್ಯಾಥ್ಯೂಸನ ಬಿದನೂರು ದಂಡಯಾತ್ರೆಯಲ್ಲಿದ್ದು, ಮನಸ್ತಾಪದಿಂದ ಬೊಂಬಾಯಿಗೆ ಹೋಗಿ, ಮರಳುವಾಗ ಮರಾಠರ ಹಡಗುಪಡೆಯ ಕೈಗೆ ಸಿಕ್ಕಿ ಗಾಯಗೊಂಡು ಸತ್ತ. 1791ರಲ್ಲಿ ನಂಗಲಿ ಸೀಮೆ ದಾಟಿದ ಎರಡೂ ಪಡೆಗಳು ಮಾರ್ಚ್ 21ರ ಬೆಂಗಳೂರು ಕೋಟೆಯ ಲಗ್ಗೆಯಲ್ಲಿದ್ದವು. ಅಕ್ಟೋಬರಿನಲ್ಲಿ ನಂದಿದುರ್ಗವನ್ನು ಹತ್ತಿದವರಲ್ಲಿ 71ನೆಯ ಪಡೆಯವರಿದ್ದರು, ಡಿಸೆಂಬರಿನಲ್ಲಿ ಸಾವನದುರ್ಗವನ್ನು ಹತ್ತಿದವರಲ್ಲಿ 72ನೆಯವರಿದ್ದರು.

ಇಲ್ಲಿ ಒಂದು ಎಚ್ಚರ ಅಗತ್ಯ. ನಮ್ಮ ಬಿಸಿಲಿನಲ್ಲಿ ಹೈಲ್ಯಾಂಡ್ ಪಡೆಗಳು ಉಣ್ಣೆಯ ಕಿಲ್ಟನ್ನು ಬದಿಗಿಟ್ಟು ಷರಾಯಿ ತೊಡುವುದು ರೂಢಿಯಾಗಿತ್ತು. ಹಾಗಾಗಿ ನಂಗಲಿಯ ಜನ ಬಿಳಿ ಕೆಂಪು ಗೆರೆಯ ಚೌಕಳಿಯನ್ನು ಬೆರಗಿನಿಂದ ನೋಡುತ್ತ ನಿಂತರೆಂದು ಬರೆಯುವುದು ಆಧಾರ ಮೀರಿದ ಮಾತಾಗುತ್ತದೆ. ಇಲ್ಲಿ ಹಾದುಹೋದದ್ದು ಆ ಬಟ್ಟೆಗೆ ಮುಂದೆ ಕೀರ್ತಿ ತಂದುಕೊಟ್ಟ ಹೆಸರುಗಳು, ಸಂಖ್ಯೆಗಳು, ಗೆಲುವು ಸೋಲುಗಳು.

ಸಮವಸ್ತ್ರ ಕುಲವಸ್ತ್ರವಾದದ್ದು ಆಮೇಲೆ. ಕುಲದ ಮುಖ್ಯಸ್ಥರೆಲ್ಲ ತಮ್ಮ ತಮ್ಮ ಟಾರ್ಟನ್ನಿನ ತುಂಡಿಗೆ ಮೊಹರು ಒತ್ತಿ ಕಳಿಸಬೇಕೆಂದು ಹೈಲ್ಯಾಂಡ್ ಸೊಸೈಟಿ ಆಫ್ ಲಂಡನ್ 1815ರಲ್ಲಿ ಕೇಳಿಕೊಂಡಿತು. ಹಲವರಿಗೆ ತಮ್ಮದು ಯಾವುದೆಂದೇ ಗೊತ್ತಿರಲಿಲ್ಲ. ಸೀಫೋರ್ತ್ ಮನೆತನದ ಕಡೆಯಿಂದ 1816ರಲ್ಲಿ ಸಂದದ್ದು ಪಡೆಯ ಚೌಕಳಿಯೇ. 1822ರಲ್ಲಿ ನಾಲ್ಕನೆಯ ಜಾರ್ಜ್ ಎಡಿನ್‌ಬರೊಗೆ ಬಂದಾಗ ವಾಲ್ಟರ್ ಸ್ಕಾಟ್ ಏರ್ಪಡಿಸಿದ ಸಡಗರದಿಂದ ಪ್ರತಿ ಕುಲಕ್ಕೂ ಒಂದು ಟಾರ್ಟನ್ ಬೇಕೆನ್ನುವ ಹಂಬಲ ಹಬ್ಬಿತು. ಬ್ಯಾನಕ್‌ಬರ್ನಿನ ವಿಲ್ಸನ್ ನೇಕಾರ ಸಂಸ್ಥೆ, ಹಿಂದೆ ಬರೀ ಸಂಖ್ಯೆಯಿಂದ ಗುರುತಿಸುತ್ತಿದ್ದ ಮಾದರಿಗಳಿಗೂ ಕುಲದ ಹೆಸರು ಕೊಟ್ಟು ಮಾರಿತು. 1842ರಲ್ಲಿ ಇಬ್ಬರು ಸಹೋದರರು ಹಳೆಯ ಹಸ್ತಪ್ರತಿಯಿಂದ ತೆಗೆದದ್ದೆಂದು ಹೇಳಿ ‘ವೆಸ್ಟಿಯಾರಿಯಮ್ ಸ್ಕಾಟಿಕಮ್’ ಎಂಬ ಪುಸ್ತಕ ಹೊರತಂದರು. ಅದು ಕೃತಕವೆಂದು ವಿದ್ವಾಂಸರು ತೀರ್ಮಾನಿಸಿದ್ದಾರೆ. ಮೆಕೆಂಜಿ ಚೌಕಳಿ ಅಂಥ ಸುಳ್ಳಲ್ಲ. ಅದರ ಹುಟ್ಟು ನಿಜ, ವಯಸ್ಸು ಮಾತ್ರ ಹೆಚ್ಚಿಸಿ ಹೇಳಿದ್ದು.

ಇದನ್ನು ಓದಿ ಕನ್ನಡದ ವಿದ್ಯಾರ್ಥಿ ಅಚ್ಚರಿಪಡಬೇಕಾಗಿಲ್ಲ. ಹೊಯ್ಸಳ ಲಾಂಛನದ ಹಿಂದಿರುವ, ಹುಲಿಯನ್ನು ಇರಿದ ಸಳನ ಕಥೆ ಮೊದಲು ಕಾಣಿಸಿಕೊಳ್ಳುವುದು ವಿಷ್ಣುವರ್ಧನನ ಕಾಲದ, 1117ರ ಬೇಲೂರು ಶಾಸನದಲ್ಲಿ. ಹೊಯ್ಸಳರ ಹಿರಿಯರು ಅದಕ್ಕಿಂತ ನೂರಕ್ಕೂ ಹೆಚ್ಚು ವರ್ಷ ಹಿಂದಿನವರು. ಹುಲಿ ಚೋಳರ ಲಾಂಛನ. ತಲಕಾಡಿನಲ್ಲಿ ಚೋಳರನ್ನು ಸೋಲಿಸಿದ ಮೇಲೆ ಈ ಕಥೆಗೆ ಬಲ ಬಂತೆಂದು ಊಹಿಸುವ ಇತಿಹಾಸಕಾರರಿದ್ದಾರೆ, ಆ ಊಹೆ ನನಗೂ ಸರಿಯೆನಿಸುತ್ತದೆ. ನಂಗಲಿಯನ್ನು ಬಿರುದಿಗೆ ಸೇರಿಸಿದ ಗೆಲುವುಗಳ ಸಾಲೇ ಲಾಂಛನಕ್ಕೂ ಅರ್ಥ ತುಂಬಿತು. ಎರಡು ಕಡೆಯೂ ಯುದ್ಧದಲ್ಲಿ ಬಲ ಪಡೆದ ಗುರುತು ವಂಶದ ಮೂಲಕ್ಕೆ ಹೋಗಿ ಸೇರಿಕೊಂಡಿದೆ.

ಮೈಸೂರು ಸೀಮೆಯನ್ನು ಅಳೆದು, ಕೈಫಿಯತ್ತು, ಶಾಸನಗಳನ್ನು ಕೂಡಿಹಾಕಿದ ಕಾಲಿನ್ ಮೆಕೆಂಜಿಯೂ ಸೀಫೋರ್ತರ ಲೂಯಿಸ್ ದ್ವೀಪದವನು, ಆ ಮನೆತನದ ಆಸರೆಯಿಂದ ಭಾರತಕ್ಕೆ ಬಂದವನು. 1816ರಲ್ಲಿ, ಅಂದರೆ ಕುಲದ ಚೌಕಳಿಗೆ ಮನೆತನದ ಒಪ್ಪಿಗೆ ಬಿದ್ದ ವರ್ಷವೇ, ಥಾಮಸ್ ಹಿಕ್ಕಿ ಅವನ ಚಿತ್ರ ಬರೆದ. ಚಿತ್ರದಲ್ಲಿ ಅವನ ಮೈಮೇಲಿರುವುದು ಕಂಪನಿಯ ಕೆಂಪು ಕೋಟು. ಪಕ್ಕದಲ್ಲಿ ಅವನ ಭಾರತೀಯ ಸಹಾಯಕರು, ಹಿಂದೆ ದೂರದಲ್ಲಿ ಗೊಮ್ಮಟನ ವಿಗ್ರಹ. ಟಾರ್ಟನ್ನಿನ ಒಂದು ಎಳೆಯೂ ಇಲ್ಲ.

ಪಡೆಗಳ ಮುಂದಿನ ಗತಿ ಬೇಗ ಹೇಳಿ ಮುಗಿಸಬಹುದು. 1809ರಲ್ಲಿ 72ನೆಯ ಪಡೆಯ ಹೈಲ್ಯಾಂಡ್ ಉಡುಪನ್ನೇ ಸರ್ಕಾರ ತೆಗೆಸಿತು. 1881ರ ಪುನಾರಚನೆಯಲ್ಲಿ ಅದು ಸೀಫೋರ್ತ್ ಹೈಲ್ಯಾಂಡರ್ಸ್‌ನೊಳಗೆ ಸೇರಿದಾಗ ಮೆಕೆಂಜಿ ಚೌಕಳಿ ಅದಕ್ಕೆ ಮರಳಿತು. 71ನೆಯದು ಸೇರಿದ ಹೈಲ್ಯಾಂಡ್ ಲೈಟ್ ಇನ್‌ಫ್ಯಾಂಟ್ರಿಯೂ ಅದನ್ನೇ ತೊಟ್ಟಿತು. 2006ರಲ್ಲಿ ಸ್ಕಾಟಿಷ್ ಕಾಲಾಳು ಪಡೆಗಳು ಕೂಡಿ ರಾಯಲ್ ರೆಜಿಮೆಂಟ್ ಆಫ್ ಸ್ಕಾಟ್ಲೆಂಡ್ ಆದಾಗ ಸೈನಿಕರ ಕಿಲ್ಟಿಗೆ ಆರಿಸಿದ್ದು ಬಿಳಿ ಗೆರೆಯೂ ಕೆಂಪು ಗೆರೆಯೂ ಇಲ್ಲದ ಸರ್ಕಾರಿ ಮಾದರಿಯನ್ನು.