ಅಭ್ಯಾಸ

ಮಗನ ವಿಷಯದಲ್ಲಿ ‘ವಿದ್ಯಾಭ್ಯಾಸ ಹೇಗೆ ನಡೆದಿದೆ?’ ಎಂದು ಆದರದಿಂದ ಕೇಳುವ ಬಾಯಿಯೇ, ಅಪ್ಪನ ಹೊಗೆಸೊಪ್ಪಿನ ವಿಷಯದಲ್ಲಿ ‘ಅಭ್ಯಾಸವಾಗಿಬಿಟ್ಟಿದೆ, ಪಾಪ’ ಎಂದು ಮರುಗುವುದುಂಟು. ‘ಮಾಡು’ ಎಂಬ ಕ್ರಿಯೆ ಸೇರಿದರೆ ಈ ಪದಕ್ಕೆ ಬೆವರು ಬರುತ್ತದೆ; ‘ಆಗು’ ಎಂಬುದು ಸೇರಿದರೆ ಅದು ನಿರಾಯಾಸವಾಗಿ ಮೈಗೂಡಿಬಿಡುತ್ತದೆ. ನಲವತ್ತು ದಾಟಿದ ಮೇಲೆ ಶ್ರುತಿಪೆಟ್ಟಿಗೆಯ ಮುಂದೆ ಕುಳಿತವನ ಪಾಡೆಲ್ಲ ಈ ಎರಡು ಕ್ರಿಯಾಪದಗಳ ನಡುವಣ ದಾರಿಯಲ್ಲಿದೆ.

ಪಾಣಿನಿಯ ವ್ಯಾಕರಣದಲ್ಲಿ ಇದಕ್ಕೊಂದು ಪಾರಿಭಾಷಿಕ ಅರ್ಥವೂ ಇದೆ: ‘ದದಾತಿ’ ಎಂಬಲ್ಲಿಯಂತೆ ಧಾತು ದ್ವಿತ್ವ ಹೊಂದಿದಾಗ ಆ ಎರಡರಲ್ಲಿ ಮೊದಲನೆಯದಕ್ಕೆ ಅಭ್ಯಾಸವೆಂದು ಸಂಜ್ಞೆ. ಜಂಟಿವರಸೆ ಕಲಿತವರಿಗೆ ಇದು ಒಡನೆಯೇ ಹಿಡಿಸೀತು. ಅಲ್ಲಿಯೂ ಸ್ವರಗಳು ಜೋಡಿಯಾಗಿ ಬರುವುವು, ಒತ್ತು ಬೀಳುವುದು ಎರಡನೆಯದರ ಮೇಲೆ. ಮೊದಲ ಸಲದ್ದು ಅಭ್ಯಾಸ ಮಾತ್ರ, ಮರಳಿ ಬಂದಾಗಲೇ ಸ್ವರಕ್ಕೆ ತೂಕ ಎಂದು ವೈಯಾಕರಣರು ಹೇಳಲಿಲ್ಲ, ನಾನು ಹೇಳುತ್ತಿದ್ದೇನೆ.

ವಯಸ್ಕನ ಕಿವಿ ದಶಕಗಳ ಕೇಳ್ಮೆಯಿಂದ ಪಂಡಿತನಾಗಿರುತ್ತದೆ, ಕಂಠವಾದರೋ ಇನ್ನೂ ಅಕ್ಷರಾಭ್ಯಾಸದಲ್ಲಿರುತ್ತದೆ. ಮಾಯಾಮಾಳವಗೌಳದ ಸರಳೆಯನ್ನು ಮೂರು ಕಾಲಗಳಲ್ಲಿ ಹಾಡೆಂದರೆ ಅವನಿಗೆ ಒಂದನೆಯ ಕಾಲದಲ್ಲಿ ನಿಲ್ಲಲು ಸಂಕೋಚ, ಮೂರನೆಯದಕ್ಕೆ ಆತುರ. ಎಡವಿದಾಗ, ಎಡವಿದ ಎರಡು ಸ್ವರಗಳನ್ನೇ ಬಿಡಿಸಿಕೊಂಡು ವಿಳಂಬದಲ್ಲಿ ತಿದ್ದಿಕೊಳ್ಳುವ ಬದಲು, ಆದಿಯಿಂದ ಹಾಡುತ್ತ ಬಂದು ಅಲ್ಲಿಯೇ ಮತ್ತೆ ಎಡವುವನು. ಹೀಗೆ ಸಾಧನೆಗಿಂತ ಮೊದಲು ತಪ್ಪೇ ಅಭ್ಯಾಸವಾಗುತ್ತದೆ.

ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಬಳೆ ಮಾರುತ್ತಿದ್ದ ಗೃಹಸ್ಥ ನಾರಾಯಣಪ್ಪನವರಿಗೆ ಗುರುಗಳಾದ ಪರದೇಶಿಸ್ವಾಮಿಗಳು ಬೆಣಚುಕಲ್ಲೊಂದನ್ನು ಕೊಟ್ಟು, ಅದು ಕಲ್ಲುಸಕ್ಕರೆಯಾಗುವವರೆಗೆ ಬಾಯಲ್ಲಿಟ್ಟು ಜಪಿಸೆಂದರೆಂಬುದು ಐತಿಹ್ಯ. ತೆಲುಗು ಕನ್ನಡಗಳೆರಡರಲ್ಲಿಯೂ ಕೀರ್ತನೆಗಳನ್ನು ರಚಿಸಿದ ಕೈವಾರ ತಾತಯ್ಯನೆಂದೇ ಹೆಸರಾದ ಈ ನಾರಾಯಣಪ್ಪನವರೂ ಸಂಸಾರದ ನಡುವಿನಿಂದಲೇ ಎದ್ದು ಬಂದವರು. ಪವಾಡವನ್ನು ನಂಬುವವರು ನಂಬಲಿ. ನನಗೆ ಹಿಡಿಸಿದ್ದು, ಗುರು ಅವಧಿಯನ್ನು ಹೇಳಲಿಲ್ಲವೆಂಬುದು. ‘ಎಷ್ಟು ತಿಂಗಳಲ್ಲಿ ವರ್ಣಕ್ಕೆ ಬರಬಹುದು?’ ಎಂದು ಮೊದಲ ಪಾಠದಲ್ಲಿಯೇ ಕೇಳುವ ನಮಗೆ ಅಂಥ ಗುರು ಸಿಕ್ಕಿದ್ದರೆ ಎರಡನೆಯ ಪಾಠ ನಡೆಯುತ್ತಿರಲಿಲ್ಲ.

ಪತಂಜಲಿ ಅಭ್ಯಾಸಕ್ಕೆ ದೀರ್ಘಕಾಲ, ನೈರಂತರ್ಯ, ಆದರ ಎಂಬ ಮೂರನ್ನು ವಿಧಿಸಿರುವನು. ಮೊದಲನೆಯದೂ ಕಡೆಯದೂ ಹೇಗೋ ಒದಗಿಯಾವು, ಮನೆವಾರ್ತೆಯುಳ್ಳವನನ್ನು ಕಾಡುವುದು ನಡುವಣದು. ಇದನ್ನು ಶಿಡ್ಲಘಟ್ಟದ ರೇಷ್ಮೆ ಬೆಳೆಗಾರನಿಗೆ ಯಾರೂ ವಿವರಿಸಬೇಕಾಗಿಲ್ಲ: ಎರಡು ದಿನದ ಸೊಪ್ಪನ್ನು ಭಾನುವಾರ ಒಮ್ಮೆಗೇ ಹಾಕಿದರೆ ಹುಳು ಮೇಯದು, ವಾರದ ಸ್ವರಗಳನ್ನು ಒಂದೇ ಬೈಠಕ್ಕಿನಲ್ಲಿ ಕಂಠವೂ ಒಳಗೊಳ್ಳದು. ಹುಳು ಜ್ವರಕ್ಕೆ, ಎಂದರೆ ಪೊರೆ ಕಳಚುವ ನಿದ್ದೆಗೆ, ಕುಳಿತು ಮೇವು ಬಿಟ್ಟ ವೇಳೆಯಲ್ಲಿ ಅವನಿಗೆ ಒಂದು ಗಂಟೆ ದೊರೆತೀತು. ನಾಲ್ಕನೆಯ ಜ್ವರವೆದ್ದ ಮೇಲಣ ಆ ಹಸಿವಿನ ದಿನಗಳಲ್ಲಿ ಹತ್ತು ನಿಮಿಷವೂ ದುರ್ಲಭ. ಆದರೂ ಬೆಳಗಿನ ಸೊಪ್ಪು ಹಾಕಿ ಕೈತೊಳೆದೊಡನೆ ಶ್ರುತಿ ಹಿಡಿದು ಐದೇ ನಿಮಿಷ ದೀರ್ಘಸ್ವರ ಸಾಧಕ ಮಾಡುವವನು, ಬಿಡುವಿಗಾಗಿ ಕಾಯುವವನಿಗಿಂತ ಮುಂದಿರುವನೆಂದೇ ನನ್ನ ಎಣಿಕೆ. ಗಡಿಯಾರವನ್ನು ನೋಡಿ ಸಂಕಲ್ಪಿಸಿದ್ದಕ್ಕಿಂತ, ಈಗಾಗಲೇ ಆಗುತ್ತಿರುವ ಕೆಲಸದ ಬೆನ್ನಿಗೆ ಕಟ್ಟಿದ್ದು ಹೆಚ್ಚು ಬಾಳುತ್ತದೆ.

ಗೌರಿಬಿದನೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರಿಗೆ ಕಂಠಬಿಚ್ಚುವ ಸ್ವಾತಂತ್ರ್ಯವಿಲ್ಲ. ತೊಡೆಯ ಮೇಲೆ ಆದಿತಾಳದ ಎಂಟೆಣಿಕೆ ಹಾಕುತ್ತ ಮನಸ್ಸಿನಲ್ಲಿಯೇ ಅಲಂಕಾರ ನಡೆಸುವುದಕ್ಕೆ ಟಿಕೆಟ್ಟಿನ ಮೇಲೆ ಹೆಚ್ಚಿನ ದರವೇನೂ ಇಲ್ಲ. ಪಕ್ಕದವನು ವಿಚಿತ್ರವಾಗಿ ನೋಡಿಯಾನು. ಹಿಂದೂಪುರದಿಂದ ಬಂದ ಭಜನೆಯವನಾಗಿದ್ದರೆ ತಾಳ ತಪ್ಪಿದ್ದನ್ನೂ ಹೇಳಿಯಾನು.