ಬೋರ್ಡಲ್ಲಿ ‘ವೈನ್ಸ್’, ಒಳಗೆ ಬಿಯರ್

ಭಾಗ 1

ಮೊದಲನೇ ಫೋಟೊ ನೋಡಿ. ನಮ್ಮ ಏರಿಯಾದ ಅಂಗಡಿ, ಹೆಸರು ಬ್ಲರ್ ಮಾಡಿದ್ದೀನಿ. ಒಂದು ದೇವರ ಹೆಸರು, ಅದರ ಪಕ್ಕ ದೊಡ್ಡ ಅಕ್ಷರದಲ್ಲಿ ‘ವೈನ್ಸ್’. ಬೆಂಗಳೂರಲ್ಲಿ ಇಂಥ ಬೋರ್ಡು ಇಲ್ಲದ ಮೇನ್ ರೋಡ್ ಹುಡುಕೋದು ಕಷ್ಟ. ಆದ್ರೆ ಒಳಗೆ ಹೋಗಿ ನಿಜವಾಗ್ಲೂ ವೈನ್ ಕೇಳಿದ್ರೆ ಕೌಂಟರ್ ಅಣ್ಣ ಒಂದು ಕ್ಷಣ ಮುಖ ನೋಡ್ತಾರೆ, ಆಮೇಲೆ ಮೇಲಿನ ಕಪಾಟಿನಿಂದ ಧೂಳು ಕೂತ ಬಾಟಲಿ ಇಳಿಸ್ತಾರೆ. ಅಲ್ಲಿ ಓಡೋದೆಲ್ಲ ಬಿಯರು, ಬ್ರಾಂದಿ, ವಿಸ್ಕಿ. ಹೆಸರು ಮಾತ್ರ ವೈನು.

ಹೋದ ವಾರ ಕ್ಯಾಂಟೀನಲ್ಲಿ ಒಬ್ಬಳು ಕೇಳಿದ್ಲು: “ಬೆಂಗಳೂರು ಬಿಯರ್ ಸಿಟಿ ಅಂತಾರಲ್ಲ, ಇಲ್ಲಿ ವೈನ್ ಕುಡಿಯೋರು ಎಲ್ಲಿಗೆ ಹೋಗ್ತಾರೆ?” ನಾನು ಎರಡು ಜಾಗ ಹೇಳಿ ಸುಮ್ಮನಾಗಬಹುದಿತ್ತು. ಆದ್ರೆ ಈ ಪ್ರಶ್ನೆಗೆ ನಮ್ಮ ತಾತನ ತೋಟ ಅಡ್ಡ ಬರುತ್ತೆ. ಅದಕ್ಕೇ ಈ ಸರಣಿ. (21 ತುಂಬಿರದವರು ಇತಿಹಾಸ ಮಾತ್ರ ಓದಿ. ಕಾನೂನು ನಾನು ಮಾಡಿದ್ದಲ್ಲ.)

ಭಾಗ 2

ಮೊದಲು ಬಿಯರ್ ಕಥೆ ಬೇಗ ಮುಗಿಸೋಣ, ಅದು ಎಲ್ಲರಿಗೂ ಅಷ್ಟಿಷ್ಟು ಗೊತ್ತು.

1809ರಲ್ಲಿ ಬ್ರಿಟಿಷರು ತಮ್ಮ ಸೈನ್ಯವನ್ನು ಶ್ರೀರಂಗಪಟ್ಟಣದಿಂದ ಇಲ್ಲಿಗೆ ತಂದು ದಂಡು ಕಟ್ಟಿದರು. ಸಿಪಾಯಿ ಇದ್ದ ಕಡೆ ಬಿಯರ್ ಬೇಕು. ಇಂಗ್ಲೆಂಡಿನಿಂದ ತರಿಸೋದು ದುಬಾರಿ, ಹಾಗಾಗಿ ಹತ್ತೊಂಬತ್ತನೇ ಶತಮಾನದಲ್ಲೇ ಇಲ್ಲಿ, ನೀಲಗಿರಿಯಲ್ಲಿ ಬ್ರೂವರಿಗಳು ಹುಟ್ಟಿಕೊಂಡವು. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣದ ಐದು ಬ್ರೂವರಿಗಳನ್ನು ಸೇರಿಸಿ ಯುನೈಟೆಡ್ ಬ್ರೂವರೀಸ್ ಮಾಡಿದ. ಪೀಪಾಯಿಗಳು ಎತ್ತಿನ ಗಾಡಿಯಲ್ಲಿ ಬ್ಯಾರಕ್ಕಿಗೆ ಹೋಗುತ್ತಿದ್ದವು. ಸ್ವಾತಂತ್ರ್ಯದ ಹೊತ್ತಿಗೆ ಕಂಪನಿ ವಿಠಲ್ ಮಲ್ಯ ಅವರ ಕೈಗೆ ಬಂತು. 1980ರ ದಶಕದ ಕೊನೆಗೆ ಚರ್ಚ್ ಸ್ಟ್ರೀಟ್, ರೆಸಿಡೆನ್ಸಿ ರೋಡ್ ಸುತ್ತ ಪಬ್‌ಗಳು ಎದ್ದವು. 1989ರ ಪೆಕೋಸ್ ಇನ್ನೂ ಇದೆ, ನಮ್ಮ ಸೀನಿಯರ್‌ಗಳ ಅಪ್ಪಂದಿರು ಅಲ್ಲಿ ಕೂತವರೇ. 2011ರ ಹೊತ್ತಿಗೆ ಮೈಕ್ರೋಬ್ರೂವರಿ ಕಾಲ ಶುರು. ಬಿಯರ್ ಅಧ್ಯಾಯ ಮುಗೀತು.

ಒಂದು ವಿಷಯ ಮಾತ್ರ ಗಮನಿಸಿ. ಬಿಯರ್‌ಗೆ ಬೇಕಾದ ಬಾರ್ಲಿಯಾಗಲಿ, ಹಾಪ್ಸ್ ಆಗಲಿ ಬೆಂಗಳೂರು ಸುತ್ತಮುತ್ತಲ ಬೆಳೆ ಅಲ್ಲ. ದಂಡಿನ ಜೊತೆ ಬಂದ ರುಚಿ, ಕಂಪನಿ ಬೆಳೆಸಿದ ರುಚಿ. ನೆಲದಲ್ಲಿ ಬೆಳೆದಿದ್ದು ಬೇರೆ.

ಭಾಗ 3

ಎರಡನೇ ಫೋಟೊ: ರಸೆಲ್ ಮಾರ್ಕೆಟ್, ಬುಟ್ಟಿ ತುಂಬ ಕಪ್ಪು-ನೀಲಿ ದ್ರಾಕ್ಷಿ. ಇದೇ ಬೆಂಗಳೂರು ನೀಲಿ. ಸೂಪರ್ ಮಾರ್ಕೆಟ್ಟಿನ ಉದ್ದ ಸೀಡ್‌ಲೆಸ್ ಅಲ್ಲ. ಗುಂಡಗೆ, ದಪ್ಪ ಸಿಪ್ಪೆ, ಒಳಗೆ ಬೀಜ, ಒತ್ತಿದ್ರೆ ತಿರುಳು ಸಿಪ್ಪೆಯಿಂದ ಜಾರಿ ಬಾಯಿಗೆ ಬೀಳುತ್ತೆ. ವಾಸನೆ ಎಷ್ಟು ಜೋರು ಅಂದ್ರೆ ಒಂದು ಕ್ರೇಟು ಮನೆಯಲ್ಲಿಟ್ಟರೆ ಇಡೀ ಮನೆ ದ್ರಾಕ್ಷಿ. ಚಿಕ್ಕವರಿದ್ದಾಗ ಸ್ಕೂಲ್ ಹತ್ರ ಕುಡಿದ ‘ಗ್ರೇಪ್ ಜ್ಯೂಸ್’ ನೆನಪಿದ್ಯಾ? ಆ ರುಚಿ ಇದರದ್ದೇ.

ಸುಮಾರು 150 ವರ್ಷದಿಂದ ಇದು ಬೆಂಗಳೂರು, ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಇದೆ. ಮೂಲ ನಮ್ಮದಲ್ಲ. ದ್ರಾಕ್ಷಿ ತಜ್ಞರು ಇದನ್ನು ಅಮೆರಿಕದಲ್ಲಿ ಹುಟ್ಟಿದ ಇಸಬೆಲ್ಲಾ ಎಂಬ ತಳಿಯ ಜೊತೆ ಗುರುತಿಸ್ತಾರೆ. ಈ ಇಸಬೆಲ್ಲಾ ಕಥೆ ಸಿನಿಮಾ ಥರ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದ ಬಳ್ಳಿಗಳ ಜೊತೆ ಫಿಲೋಕ್ಸೆರಾ ಎಂಬ ಬೇರು ತಿನ್ನುವ ಸಣ್ಣ ಕೀಟ ಯುರೋಪಿಗೆ ಹೋಯ್ತು, ಫ್ರಾನ್ಸಿನ ತೋಟಗಳನ್ನು ನೆಲಸಮ ಮಾಡ್ತು. ಕೊನೆಗೆ ಅಮೆರಿಕದ ಬೇರಿಗೇ ಫ್ರೆಂಚ್ ಕಡ್ಡಿ ಕಸಿ ಕಟ್ಟಿ ಉಳಿಸಿಕೊಂಡರು. ಆದ್ರೆ ಇಸಬೆಲ್ಲಾ ಥರದ ತಳಿಗಳಿಂದ ಮಾಡಿದ ವೈನನ್ನು 1930ರ ದಶಕದಲ್ಲಿ ಫ್ರಾನ್ಸ್ ನಿಷೇಧಿಸಿತು. ಅಲ್ಲಿ ಬಹಿಷ್ಕಾರ ಹಾಕಿಸಿಕೊಂಡ ದ್ರಾಕ್ಷಿಗೆ 2013ರಲ್ಲಿ ಇಲ್ಲಿ ಭೌಗೋಳಿಕ ಸೂಚಕದ ಗೌರವ ಸಿಕ್ಕಿದೆ. ನನಗಂತೂ ಇದು ಖುಷಿ.

ಇನ್ನೊಂದು ವಿಷಯ ಕೇಳಿದ್ರೆ ಬಿದ್ದು ಹೋಗ್ತೀರ. ನಿಮ್ಮ ರಸ್ತೆ ಮೂಲೆಯಲ್ಲಿರೋ ಹಾಪ್‌ಕಾಮ್ಸ್ ಮಳಿಗೆ ಇದ್ಯಲ್ಲ, ಅಮ್ಮ ಬೀನ್ಸ್ ತರೋಕೆ ಕಳಿಸ್ತಾರಲ್ಲ, ಅದು 1959ರಲ್ಲಿ ಶುರುವಾಗಿದ್ದು ಬೆಂಗಳೂರು ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ! ತೋಟಗಾರಿಕೆಯ ಡಾ. ಎಂ.ಎಚ್. ಮರಿಗೌಡರು ಇದರ ಹಿಂದಿನ ಶಕ್ತಿ. ದಲ್ಲಾಳಿ ಹೇಳಿದ ರೇಟಿಗೆ ಹಣ್ಣು ಸುರಿದು ಬರುವ ರೈತನಿಗೆ ಒಂದು ಅಂಗಡಿ ಬೇಕಿತ್ತು. ತರಕಾರಿ, ಬೇರೆ ಹಣ್ಣು ಎಲ್ಲ ಆಮೇಲೆ ಸೇರಿದ್ದು. ಈಗಲೂ ಬೇಸಿಗೆ ಹತ್ತಿರ ಬಂದಾಗ ಅವರು ದ್ರಾಕ್ಷಿ-ಕಲ್ಲಂಗಡಿ ಮೇಳ ಮಾಡೋದು ಹಳೆ ಹೆಸರಿನ ನೆನಪು ಅಂತಲೇ ನಾನು ಅಂದ್ಕೊಂಡಿದ್ದೀನಿ.

ಕೋರಮಂಗಲದಲ್ಲಿ ‘ಗ್ರೇಪ್ ಗಾರ್ಡನ್’ ಅಂತ ವಿಳಾಸ ಇದೆ, ಡೆಲಿವರಿ ಆ್ಯಪಲ್ಲಿ ನೋಡಿರ್ತೀರ. ಅಲ್ಲಿ ಈಗ ಒಂದು ಬಳ್ಳಿಯೂ ಕಾಣಲ್ಲ, ಪಿಜಿಗಳಿವೆ.

ಭಾಗ 4

ಈ ದ್ರಾಕ್ಷಿಯಿಂದ ವೈನ್ ಯಾರು ಮಾಡ್ತಿದ್ರು? ಮೊದಲ ಉತ್ತರ ಕಂಪನಿ ಅಲ್ಲ, ಅಡುಗೆಮನೆ.

ಫ್ರೇಜರ್ ಟೌನ್, ಕಾಕ್ಸ್ ಟೌನ್, ಲಿಂಗರಾಜಪುರದ ಕ್ರೈಸ್ತ ಮನೆಗಳಲ್ಲಿ ಕ್ರಿಸ್ಮಸ್‌ಗೆ ಮುಂಚೆ ಭರಣಿ ಇಳಿಯುತ್ತೆ. ನನ್ನ ಕ್ಲಾಸ್‌ಮೇಟ್ ಅಜ್ಜಿ ಮನೆಯಲ್ಲಿ ನಾನೇ ನೋಡಿದ್ದು: ದ್ರಾಕ್ಷಿ ತೊಳೆದು ಒಣಗಿಸಿ, ಕೈಯಲ್ಲಿ ಕಿವುಚಿ, ಸಕ್ಕರೆ, ಕಾಯಿಸಿ ಆರಿಸಿದ ನೀರು, ಒಂದು ಹಿಡಿ ಗೋಧಿ, ಚಕ್ಕೆ, ಲವಂಗ, ಸ್ವಲ್ಪ ಈಸ್ಟು. ಬಾಯಿಗೆ ಬಟ್ಟೆ ಕಟ್ಟಿ ಕತ್ತಲೆ ಮೂಲೆ. ದಿನಾ ಒಂದು ಸಲ ಮರದ ಸೌಟಲ್ಲಿ ತಿರುವಬೇಕು, ಅದೂ ಅಜ್ಜಿಯೇ ತಿರುವಬೇಕು, ನಾವು ಮುಟ್ಟಂಗಿಲ್ಲ. ಮೂರು ವಾರ ಆದ್ಮೇಲೆ ಸೋಸಿ ಬಾಟಲಿಗೆ. ಸಿಹಿ, ಗಾಢ ಬಣ್ಣ, ಪ್ಲಮ್ ಕೇಕಿನ ಜೊತೆ ಇಷ್ಟೇ ಇಷ್ಟು ಗ್ಲಾಸಲ್ಲಿ. (ಮಾರೋಕೆ ಲೈಸೆನ್ಸ್ ಬೇಕು, ಆ ಐಡಿಯಾ ಬಿಡಿ.)

ಸಕ್ಕರೆ ಯಾಕೆ ಅಷ್ಟು? ಬೆಂಗಳೂರು ನೀಲಿಯಲ್ಲಿ ಹುಳಿ ಜಾಸ್ತಿ, ವೈನ್ ದ್ರಾಕ್ಷಿಗೆ ಹೋಲಿಸಿದ್ರೆ ಸಿಹಿ ಕಮ್ಮಿ. ಸಕ್ಕರೆಯೇ ಹುದುಗಿ ಆಲ್ಕೋಹಾಲ್ ಆಗೋದ್ರಿಂದ ಹೊರಗಿಂದ ಹಾಕಲೇಬೇಕು. ಗೋವಾದಲ್ಲಿ ಅಗ್ಗಕ್ಕೆ ಸಿಗೋ ಸಿಹಿ ‘ಪೋರ್ಟ್’ ವೈನ್ ಇದ್ಯಲ್ಲ, ಅದಕ್ಕೂ ಬಹಳ ಕಾಲದಿಂದ ಇದೇ ದ್ರಾಕ್ಷಿ ಹೋಗ್ತಾ ಬಂದಿದೆ. ನಮ್ಮ ಹುಡುಗ್ರು ಟ್ರಿಪ್ ಹೋಗಿ “ಗೋವಾ ವೈನ್” ಅಂತ ತಂದು ಕೊಟ್ಟಾಗ ನಾನು ನಗ್ತೀನಿ. ನಮ್ಮ ಊರಿನ ಹಣ್ಣೇ ಸುತ್ತಾಡಿಕೊಂಡು ವಾಪಸ್ ಬಂದಿರೋದು.

ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇದೇ ಬಳ್ಳಿಯನ್ನು ಬೇರೆ ತಳಿಗಳ ಜೊತೆ ಕೂಡಿಸಿ ವೈನ್‌ಗೆ ಆಗುವ ಅರ್ಕಾ ಶ್ಯಾಮ್, ಅರ್ಕಾ ತೃಷ್ಣಾ ತಂದ್ರು. ಹೆಸರು ಎಷ್ಟು ಚೆನ್ನಾಗಿದೆ ನೋಡಿ, ತೃಷ್ಣಾ ಅಂದ್ರೆ ಬಾಯಾರಿಕೆ.

ಭಾಗ 5

ಈಗ ಬಾಟಲಿಗೆ ಕಾರ್ಕ್ ಹಾಕಿದ ಕಥೆ. ಕನ್ವಲ್ ಗ್ರೋವರ್ ಎಂಬ ಉದ್ಯಮಿಗೆ ಫ್ರಾನ್ಸಿಗೆ ಓಡಾಡಿ ಓಡಾಡಿ ವೈನ್ ಹುಚ್ಚು ಹತ್ತಿತ್ತು. ಶಾಂಪೇನ್ ಪ್ರಾಂತ್ಯದ ಜಾರ್ಜ್ ವೆಸೆಲ್ ಅವರನ್ನು ಕರೆತಂದು, ಹತ್ತಾರು ಫ್ರೆಂಚ್ ತಳಿಗಳನ್ನು ನೆಟ್ಟು ಪರೀಕ್ಷಿಸಿ, ಕೊನೆಗೆ ಆರಿಸಿಕೊಂಡ ಜಾಗ ನಂದಿ ಬೆಟ್ಟದ ತಪ್ಪಲು, ದೊಡ್ಡಬಳ್ಳಾಪುರದ ಕಡೆ. 1988ರಲ್ಲಿ ಕಂಪನಿ, 1992ರಲ್ಲಿ ಮೊದಲ ವೈನ್. 90ರ ದಶಕದ ಮಧ್ಯದಿಂದ ಬೋರ್ಡೋದ ಪ್ರಸಿದ್ಧ ಸಲಹೆಗಾರ ಮಿಶೆಲ್ ರೋಲಾಂ ಕೂಡ ಸೇರಿಕೊಂಡರು. ಇವತ್ತು ಅದು ಗ್ರೋವರ್ ಜಂಪಾ.

ನಂದಿಯೇ ಯಾಕೆ? ಎತ್ತರ. ರಾತ್ರಿ ತಣ್ಣಗಾದ್ರೆ ಹಣ್ಣು ನಿಧಾನ ಮಾಗುತ್ತೆ, ಹುಳಿ ಉಳಿಯುತ್ತೆ. ಆದ್ರೂ ಇಲ್ಲಿ ಹಿಮ ಬೀಳೋ ಚಳಿ ಇಲ್ಲವಲ್ಲ, ಹಾಗಾಗಿ ಬಳ್ಳಿ ಯುರೋಪಿನ ಥರ ಪೂರ್ತಿ ನಿದ್ದೆ ಮಾಡಲ್ಲ. ವರ್ಷಕ್ಕೆ ಎರಡು ಸಲ ಸವರಬೇಕು. ಕೊಯ್ಲಾದ ಮೇಲೆ ಬೇಸಿಗೆಯಲ್ಲಿ ಒಂದು ಸಲ, ಅದು ಕಡ್ಡಿ ಬೆಳೆಯೋಕೆ. ಮಳೆ ಇಳಿಮುಖ ಆದಾಗ, ಸೆಪ್ಟೆಂಬರ್-ಅಕ್ಟೋಬರಲ್ಲಿ ಇನ್ನೊಂದು ಸಲ, ಅದು ಹಣ್ಣಿಗೆ. ಕೊಯ್ಲು ಫೆಬ್ರವರಿಯಿಂದ ಶುರು. ಫ್ರಾನ್ಸಲ್ಲಿ ಕೊಯ್ಯೋ ಹೊತ್ತಿಗೆ ನಾವಿಲ್ಲಿ ಕತ್ತರಿ ಹಿಡ್ಕೊಂಡಿರ್ತೀವಿ.

2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂತು, ವೈನ್ ಬೋರ್ಡ್ ಆಯ್ತು. ರೈತನ ಹಣ್ಣಿಗೆ ಬೆಲೆ ಸಿಗಲಿ, ಬ್ರಾಂದಿ-ವಿಸ್ಕಿ ಸಾಲಿನಿಂದ ವೈನ್ ಬೇರೆ ನಿಲ್ಲಲಿ ಅನ್ನೋದು ಲೆಕ್ಕ. ಈಗ ವೈನ್ ತಯಾರಿಕೆಯಲ್ಲಿ ಮಹಾರಾಷ್ಟ್ರ ಬಿಟ್ರೆ ನಾವೇ.

ಭಾಗ 6

ಸರಿ, ಎಲ್ಲಿಗೆ ಹೋಗ್ಬೇಕು?

ಗ್ರೋವರ್ ತೋಟದಲ್ಲಿ ಟೂರ್ ಇರುತ್ತೆ. ಬಳ್ಳಿ, ದೊಡ್ಡ ಸ್ಟೀಲ್ ಟ್ಯಾಂಕು, ಓಕ್ ಪೀಪಾಯಿ ತೋರಿಸಿ ಆಮೇಲೆ ಗ್ಲಾಸ್ ಕೊಡ್ತಾರೆ. ಹೋಗೋದಾದ್ರೆ ಫೆಬ್ರವರಿ-ಮಾರ್ಚಲ್ಲೇ ಹೋಗಿ, ಜುಲೈಯಲ್ಲಿ ಹೋದ್ರೆ ಬರೀ ಎಲೆ. ಮೈಸೂರು ಹೈವೇಯಲ್ಲಿ ಚನ್ನಪಟ್ಟಣದ ಹತ್ತಿರ ಡೊಮೈನ್ ಸುಲಾ ಇದೆ, ಮೊದಲು ಹೆರಿಟೇಜ್ ವೈನರಿ ಆಗಿದ್ದು. ಎರಡಕ್ಕೂ ಬೈಕ್ ಬೇಡ ಮಾರಾಯ್ರೇ, ಕ್ಯಾಬ್ ಶೇರ್ ಮಾಡಿ.

ಊರೊಳಗೆ ಅಂದ್ರೆ ನನಗೆ ಇಷ್ಟ ಆಗೋದು ಒಂದು ತಮಾಷೆಗೆ: ವಿಠಲ್ ಮಲ್ಯ ರಸ್ತೆಯ ಯುಬಿ ಸಿಟಿ. ಹಿಂದೆ ಅದು ಗ್ರಾಂಟ್ ರೋಡ್, ಅಲ್ಲಿದ್ದದ್ದು ಬ್ರೂವರಿ. ಬಿಯರ್ ಕುದಿಯುತ್ತಿದ್ದ ನೆಲದ ಮೇಲಿನ ಹೋಟೆಲುಗಳಲ್ಲಿ ಈಗ ಜನ ಉದ್ದ ಕಾಲಿನ ಗ್ಲಾಸಲ್ಲಿ ವೈನ್ ಹಿಡ್ಕೊಂಡು ಕೂತಿರ್ತಾರೆ. ರೇಟು ನಮ್ಮ ಪಾಕೆಟ್ ಮನಿಗೆ ಆಗಲ್ಲ, ಸುಮ್ಮನೆ ಸುತ್ತಾಡಿ ಬನ್ನಿ. ಬಾಟಲಿ ಕೊಳ್ಳೋದಾದ್ರೆ ವೈನಿಗೆ ಮಾತ್ರ ಇರೋ ಬೊಟಿಕ್ ಅಂಗಡಿಗಳಿಗೆ ಹೋಗಿ, ಬಿಸಿಲಿಗೆ ಒಡ್ಡಿದ ಕಪಾಟಿಂದ ತಗೋಬೇಡಿ. ಲೇಬಲ್ಲಲ್ಲಿ ‘ಹಂಪಿ’, ‘ನಂದಿ’ ಅಂತ ಕಂಡ್ರೆ ಹೆಮ್ಮೆ ಪಡಿ. ಕೊಪ್ಪಳದ ಕಡೆಯ ಕೃಷ್ಮಾ ತೋಟದ ವೈನಿಗೆ ಒಳ್ಳೆ ಹೆಸರಿದೆ.

ಆದ್ರೆ ಒಂದು ಬೇಜಾರು ಹೇಳಲೇಬೇಕು. ಈ ಒಳ್ಳೆ ಬಾಟಲಿಗಳೊಳಗೆ ಕ್ಯಾಬರ್ನೆ, ಶಿರಾಜ್, ಸೊವಿನ್ಯೋ ಬ್ಲಾಂ ಇರುತ್ತೆ. ಬೆಂಗಳೂರು ನೀಲಿ ಇರಲ್ಲ. ಊರಿನ ಹೆಸರು ಹೊತ್ತ ಹಣ್ಣು ಜ್ಯೂಸಿಗೆ, ಸಿಹಿ ವೈನಿಗೆ, ಅಜ್ಜಿ ಭರಣಿಗೆ.

ಭಾಗ 7

ಕೊನೆಯ ಫೋಟೊದಲ್ಲಿರೋ ಕಲ್ಲುಕಂಬಗಳು ದೇವನಹಳ್ಳಿ ಹತ್ತಿರದ ನಮ್ಮ ತಾತನ ತೋಟದ್ದು. ದ್ರಾಕ್ಷಿ ಚಪ್ಪರಕ್ಕೆ ಮರ ತಡೆಯಲ್ಲ ಅಂತ ನಮ್ಮ ಕಡೆ ಕಲ್ಲೇ ನೆಡೋದು. ಎರಡು ಎಕರೆ ನೀಲಿ ಇತ್ತು. ನದಿ ಇಲ್ಲದ ಸೀಮೆ, ಕೆರೆ ಒಣಗಿದ ಮೇಲೆ ಬೋರ್‌ವೆಲ್. ಮೊದಲನೇದು ಮುನ್ನೂರು ಅಡಿ ಅಂತೆ, ಕೊನೇದು ಸಾವಿರದ ಇನ್ನೂರು ಅಡಿಗೆ ಹೋಗಿ ಬರೀ ಧೂಳು ಎದ್ದಿತು. ಅಷ್ಟರಲ್ಲಿ 2008ರಲ್ಲಿ ಏರ್‌ಪೋರ್ಟ್ ಬಂದು ಭೂಮಿ ರೇಟು ದ್ರಾಕ್ಷಿ ರೇಟನ್ನು ನೋಡಿ ನಕ್ಕಿತು. ಆದ್ರೂ ತಾತ ಬಿಟ್ಟಿರಲಿಲ್ಲ. 2020ರ ಮಾರ್ಚಲ್ಲಿ ಹಣ್ಣು ಮಾಗಿ ನಿಂತಾಗ ಲಾಕ್‌ಡೌನ್. ಮಂಡಿ ಇಲ್ಲ, ಲಾರಿ ಇಲ್ಲ. ಊರವರಿಗೆಲ್ಲ ಬಕೆಟ್ಟಲ್ಲಿ ಹಂಚಿದರು, ಉಳಿದಿದ್ದು ಬಳ್ಳಿಯಲ್ಲೇ ಒಣಗಿ ಜೇನುನೊಣ ಮುತ್ತಿಕೊಂಡವು. ಮರುವರ್ಷ ತೋಟ ಲೇಔಟ್ ಆಯ್ತು. ಕಂಬಗಳು ಈಗ ಕಾಂಪೌಂಡಿಗೆ ಆಸರೆ.

ಈ ಫೆಬ್ರವರಿಯಲ್ಲಿ ತಾತನನ್ನು ನಂದಿ ಕೆಳಗಿನ ಒಂದು ವೈನ್ ತೋಟಕ್ಕೆ ಕರ್ಕೊಂಡು ಹೋಗಿದ್ದೆ. ಗೈಡ್ ಹುಡುಗ ಹೇಳ್ತಿದ್ದ, ರುಚಿ ಗಟ್ಟಿಯಾಗಲಿ ಅಂತ ನಾವೇ ಗೊಂಚಲು ಕಿತ್ತು ಇಳುವರಿ ಕಮ್ಮಿ ಮಾಡ್ತೀವಿ ಅಂತ. ತಾತ ನನ್ನ ಕಡೆ ತಿರುಗಿ, “ಏನೋ ಇದು, ಬೇಕಂತ ಕಿತ್ತಾಕ್ತಾರಾ?” ಅಂದ್ರು. ಗ್ಲಾಸ್ ಕೊಟ್ಟಾಗ ಒಂದು ಗುಟುಕು ಕುಡಿದು ಮುಖ ಕಿವುಚಿದರು. “ಹುಳಿ ಕಣೋ. ನಮ್ದು ಇದಕ್ಕಿಂತ ಘಮ ಇತ್ತು.”

ಹೊರಗೆ ಬರುವಾಗ ಬಳ್ಳಿ ಹತ್ರ ನಿಂತು, ಡ್ರಿಪ್ ಪೈಪನ್ನು ಕಾಲಲ್ಲಿ ಸರಿಸಿ, ಗೈಡ್‌ನ ಕೇಳಿದ್ರು: “ನೀರು ಎಷ್ಟು ಅಡಿಗಪ್ಪ?”

ಅವನಿಗೆ ಗೊತ್ತಿರಲಿಲ್ಲ. ವಿಚಾರಿಸಿ ಹೇಳ್ತೀನಿ ಸಾರ್ ಅಂದ. ತಾತ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು, ಮುಷ್ಟಿ ಕಟ್ಟಿ, ಬಿಟ್ಟು ನೋಡಿದರು.

#ಬೆಂಗಳೂರುನೀಲಿ #ದ್ರಾಕ್ಷಿಚಪ್ಪರ #ನಮ್ಮೂರಇತಿಹಾಸ