ಹಿಂದೆ ನಿಂತು ನಡೆಸಿದ ಗುರುಗಳು

ಸಾಹಿತ್ಯಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಗ್ರಂಥಗಳನ್ನೆಣಿಸಿ ಗ್ರಂಥಕರ್ತರ ಯೋಗ್ಯತೆಯನ್ನು ನಿಶ್ಚಯಿಸುವರು. ಈ ಕ್ರಮವು ಸುಲಭವಾದುದು, ಸರ್ವತ್ರ ನ್ಯಾಯವಾದುದಲ್ಲ. ಅನ್ಯರ ಕೈಯಿಂದ ಗ್ರಂಥಗಳಾಗುವಂತೆ ಮಾಡಿ, ತಾವು ಹಿಂದೆ ನಿಂತವರಿಗೆ ಈ ಲೆಕ್ಕದಲ್ಲಿ ದೊರೆಯುವ ಸ್ಥಳವು ಅತ್ಯಲ್ಪ. ಅಂತಹ ಮಹನೀಯರಲ್ಲಿ ಟಿ. ಎಸ್. ವೆಂಕಣ್ಣಯ್ಯನವರು ಅಗ್ರಗಣ್ಯರು.

ಚಿತ್ರದುರ್ಗ ಸೀಮೆಯ ತಳುಕಿನ ಮನೆತನದಲ್ಲಿ 1885ರಲ್ಲಿ ಜನಿಸಿದ ಇವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾದರು. ಕನ್ನಡವನ್ನೋದಿ ಫಲವೇನೆಂದು ಸುಶಿಕ್ಷಿತರೇ ಕೇಳುತ್ತಿದ್ದ ಕಾಲವದು. 1927ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಕನ್ನಡದಲ್ಲಿ ಎಂ. ಎ. ತರಗತಿಯನ್ನು ತೆರೆಯಿತು. ಮೊದಲ ತಂಡದಲ್ಲಿ ಕುಳಿತವರು ಕೆಲವರೇ, ಅವರಲ್ಲಿ ಕೆ. ವಿ. ಪುಟ್ಟಪ್ಪನವರೊಬ್ಬರು, ಡಿ. ಎಲ್. ನರಸಿಂಹಾಚಾರ್ಯರೊಬ್ಬರು. ಒಬ್ಬರು ಮಹಾಕವಿಗಳಾದರು, ಇನ್ನೊಬ್ಬರು ಪ್ರಾಚೀನ ಗ್ರಂಥಗಳ ಪಾಠಶೋಧನೆಯಲ್ಲಿ ಆಚಾರ್ಯರೆನಿಸಿ, 1949ರಲ್ಲಿ 'ವಡ್ಡಾರಾಧನೆ'ಯನ್ನು ಸಂಪಾದಿಸಿ ಪ್ರಕಟಿಸಿದರು. ಒಂದೇ ಪೀಠದ ಮುಂದೆ ಕುಳಿತವರು ಹೀಗೆ ಭಿನ್ನ ಮಾರ್ಗಗಳಲ್ಲಿ ಬೆಳೆದುದೇ ಆ ಗುರುಗಳ ಹಿರಿಮೆಗೆ ಸಾಕ್ಷಿ. ಶಿಷ್ಯರನ್ನು ತನ್ನ ಪ್ರತಿಬಿಂಬವಾಗಿಸಬೇಕೆಂಬ ಹಂಬಲವುಳ್ಳವನ ಬಳಿಯಲ್ಲಿ ಇದು ಸಾಧ್ಯವಾಗದು.

ತಮ್ಮ ಬರಹದಲ್ಲಿಯೂ ಅವರದು ಇದೇ ನಡೆ. ಶ್ರೀರಾಮಕೃಷ್ಣ ಪರಮಹಂಸರ ಚರಿತ್ರೆಯನ್ನಾಗಲಿ, 'ಹರಿಶ್ಚಂದ್ರ ಕಾವ್ಯಸಂಗ್ರಹ'ವನ್ನಾಗಲಿ ಹೊರತಂದಾಗ ಮಿತ್ರರಾದ ಎ. ಆರ್. ಕೃಷ್ಣಶಾಸ್ತ್ರಿಗಳೊಡನೆ ಶ್ರಮವನ್ನೂ ಕೀರ್ತಿಯನ್ನೂ ಹಂಚಿಕೊಂಡರು.

ಇಷ್ಟನ್ನು ಹೇಳಿ ಶಿಷ್ಯರ ಪ್ರತಿಭೆಯೆಲ್ಲ ಗುರುದತ್ತವೆಂದರೆ ಅತ್ಯುಕ್ತಿಯಾದೀತು. ಬೀಜದಲ್ಲಿಲ್ಲದ ಶಕ್ತಿಯನ್ನು ತೋಟಗಾರನು ತುಂಬಲಾರನು. ಆದರೆ ನೀರೆರೆದು, ಬೇಲಿ ಕಟ್ಟಿ, ಬಳಿಕ ಗಿಡಕ್ಕೆ ನೆರಳಾಗದಂತೆ ತಾನು ಸರಿದು ನಿಲ್ಲುವುದು ಅಲ್ಪಕಾರ್ಯವೆ? ನಾನೂ ಬಹುಕಾಲ ಪಾಠ ಹೇಳಿದವನು. ಹುಡುಗನು ತಡವರಿಸಿದೊಡನೆ ಉತ್ತರವನ್ನು ನಾನೇ ನುಡಿದು ಬೀಗಿದ ದಿನಗಳು ಅನೇಕ. ಬಾಯಿ ಬಿಗಿಹಿಡಿದು ಕಾಯುವುದೇ ಕಠಿನವಾದ ವಿದ್ಯೆಯೆಂಬುದು ನನಗೆ ತಿಳಿದುದು ತಡವಾಗಿ.

ವೆಂಕಣ್ಣಯ್ಯನವರು 1939ರಲ್ಲಿ ದಿವಂಗತರಾದರು. ಪುಟ್ಟಪ್ಪನವರು 1936ರಲ್ಲಿ ಆರಂಭಿಸಿದ್ದ 'ಶ್ರೀ ರಾಮಾಯಣ ದರ್ಶನಂ' ಆಗ ಇನ್ನೂ ಅಪೂರ್ಣ. ಅದು ಮುಗಿದುದು 1946ರಲ್ಲಿ. ಕವಿಗಳು ಆ ಮಹಾಕಾವ್ಯವನ್ನು ಅರ್ಪಿಸಿದುದು ಅರಸರಿಗಲ್ಲ, ಧನಿಕರಿಗಲ್ಲ. ಕಣ್ಮರೆಯಾಗಿದ್ದ ಈ ಗುರುಗಳಿಗೆ. ಅದೇ ಕಾವ್ಯಕ್ಕೆ ಮುಂದೆ 1967ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯು ಸಂದಿತು.

ಅವರ ಸ್ವಂತ ಗ್ರಂಥಗಳು ಕಪಾಟಿನಲ್ಲಿ ಹೆಚ್ಚು ಸ್ಥಳವನ್ನು ಬೇಡುವುದಿಲ್ಲ. ಆದರೆ ಕನ್ನಡಿಗರ ಮನೆಗಳಲ್ಲಿ ಆ ಮಹಾಕಾವ್ಯದ ಪುಟವು ತೆರೆದಾಗಲೆಲ್ಲ ಮೊದಲು ಎದುರಾಗುವುದು ಅವರ ಸ್ಮರಣೆ. ಮುಂದೆ ನಡೆಯದೆಯೂ ದಾರಿ ತೋರಿದವರಿಗೆ ಚರಿತ್ರೆಯು ಸಲ್ಲಿಸಬೇಕಾದ ಋಣವನ್ನು ಶಿಷ್ಯನ ಕೃತಜ್ಞತೆಯೇ ಸಲ್ಲಿಸಿತು.